ಅಪ್ಪನ ತಾಳಮದ್ದಳೆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಹಾಕಲು ಯಾವ ಫ್ರೀ ಸಾಫ್ಟ್‌ವೇರ್ ಒಳ್ಳೆಯದು?

ಅಂಬಲಪಾಡಿ_ಅಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮ ಅಟ್ಟದಲ್ಲಿ ಅಪ್ಪನ ಒಂದು ಟ್ರಂಕ್ ಉಂಟು. ಅದರ ತುಂಬ ಕ್ಯಾಸೆಟ್, ಲೆಕ್ಕ ಮಾಡಿದರೆ 43. ಎಲ್ಲವೂ ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ. 80, 90ರ ದಶಕದಲ್ಲಿ ಕಾಪು, ಕಟಪಾಡಿ, ಉಡುಪಿ ಅಂತ ಎಲ್ಲಿ ಕೂಟ ಇದ್ದರೂ ಅಪ್ಪ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗುತ್ತಿದ್ದರು. ಈಗ ಅಪ್ಪ ಇಲ್ಲ. ಕಳೆದ ಮಳೆಗಾಲದಲ್ಲಿ ನಾಲ್ಕೈದು ಕ್ಯಾಸೆಟ್‌ಗೆ ಬೂಸ್ಟು ಹಿಡಿದಿದೆ. ಇನ್ನು ತಡ ಮಾಡಿದರೆ ಇದೂ ಹೋಯಿತು ಅಂತ ಹೆದರಿಕೆ.

ಎರಡು ಕ್ಯಾಸೆಟ್ ಒಂದು ಅಂಗಡಿಗೆ ಕೊಟ್ಟು ನೋಡಿದೆ. ಪೆನ್‌ಡ್ರೈವ್‌ನಲ್ಲಿ ಎಂಪಿ3 ಮಾಡಿ ಕೊಟ್ಟರು. ಎಡಗಿವಿಯಲ್ಲಿ ಮಾತ್ರ ಕೇಳುತ್ತದೆ. ಚೆಂಡೆ ಶುರುವಾದ ಕೂಡಲೇ ಬರ್ ಬರ್ ಅಂತ ಒಡೆದ ಶಬ್ದ. ಇಷ್ಟಕ್ಕೆ ದುಡ್ಡು ಯಾಕೆ, ನಾನೇ ಮಾಡುತ್ತೇನೆ ಅಂತ ಹಠ ಬಂದಿದೆ.

ಇನ್ನೊಂದು ಆಸೆಯೂ ಉಂಟು. ಅಮ್ಮನಿಗೆ 78. ಅವರಿಗೆ ಬರುವ ಶೋಭಾನೆ ಹಾಡುಗಳನ್ನು ರೆಕಾರ್ಡ್ ಮಾಡಬೇಕು.

ಹಳೆಯ ಲ್ಯಾಪ್‌ಟಾಪ್ ಉಂಟು, ವಿಂಡೋಸ್ 10, 4 ಜಿಬಿ ರ್‍ಯಾಮ್. ಅಪ್ಪನ ಟೇಪ್ ರೆಕಾರ್ಡರ್ ಈಗಲೂ ತಿರುಗುತ್ತದೆ. ಸಾಫ್ಟ್‌ವೇರಿಗೆ ದುಡ್ಡು ಹಾಕುವ ಸ್ಥಿತಿಯಲ್ಲಿ ಇಲ್ಲ. ಏನು ಮಾಡಲಿ?

ಕದ್ರಿಗುಡ್ಡೆ

ಆಡಾಸಿಟಿ. ಕಣ್ಣು ಮುಚ್ಚಿ ಹಾಕಿಕೊಳ್ಳಿ. 2000ದಿಂದ ಉಂಟು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ನಿಮ್ಮ 4 ಜಿಬಿ ಲ್ಯಾಪ್‌ಟಾಪಿಗೆ ಏನೂ ಭಾರ ಇಲ್ಲ. ಇಳಿಸಿಕೊಳ್ಳುವಾಗ ಅದರದ್ದೇ ಅಧಿಕೃತ ತಾಣದಿಂದ ಇಳಿಸಿ. ಹುಡುಕಿದಾಗ ಮೇಲೆ ಬರುವ ಜಾಹೀರಾತು ಒತ್ತಬೇಡಿ, ಬೇಡದ್ದೆಲ್ಲ ಮನೆಯೊಳಗೆ ಬಂದು ಕೂರುತ್ತದೆ.

ನೀರ್‌ದೋಸೆ

ಮೊಬೈಲನ್ನು ಟೇಪ್ ರೆಕಾರ್ಡರಿನ ಸ್ಪೀಕರ್ ಎದುರು ಇಟ್ಟರೆ ಆಗುವುದಿಲ್ವಾ? ನಾನು ಹಾಗೇ ಮಾಡಿದ್ದು.

ಲಿನಕ್ಸ್_ಭೂತ

ಆಡಾಸಿಟಿಯನ್ನು 2021ರಲ್ಲಿ ಮ್ಯೂಸ್ ಗ್ರೂಪ್ ಅನ್ನುವ ಕಂಪನಿ ತೆಗೆದುಕೊಂಡಿತು. ಬಳಸುವವರ ಮಾಹಿತಿ ಕಳಿಸುವ ವ್ಯವಸ್ಥೆ ಸೇರಿಸಲು ಹೊರಟರು. ದೊಡ್ಡ ಗಲಾಟೆ ಆಯಿತು, ಅದನ್ನು ಕೈಬಿಟ್ಟರು. ಆ ಸಿಟ್ಟಿನಲ್ಲೇ ಕೆಲವರು ಕವಲು ಒಡೆದು ಟೆನಾಸಿಟಿ ಅಂತ ಬೇರೆ ಮಾಡಿಕೊಂಡರು. ಮುಕ್ತ ತಂತ್ರಾಂಶದ ಚೆಂದವೇ ಅದು, ಒಬ್ಬರು ಬಾಗಿಲು ಹಾಕಿದರೆ ಇನ್ನೊಬ್ಬರು ಹಿತ್ತಲಿನಿಂದ ಹೊರಡಬಹುದು.

ನನ್ನ ಕೇಳಿದರೆ ವಿಂಡೋಸ್ ಬದಲು ಲಿನಕ್ಸ್ ಹಾಕಿ, ಆರ್ಡರ್ (Ardour) ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸಿ. ಅದೂ ಮುಕ್ತವೇ. ಅವರ ತಾಣದಲ್ಲಿ ಸಿದ್ಧ ಪ್ರತಿಗೆ ದುಡ್ಡು ಕೇಳುತ್ತಾರೆ, ಆದರೆ ಲಿನಕ್ಸ್‌ನ ಭಂಡಾರದಿಂದ ಸುಮ್ನೆ ಸಿಗುತ್ತದೆ. ಹತ್ತು ಮೈಕ್ ಇಟ್ಟು ಹತ್ತು ಟ್ರ್ಯಾಕ್ ಬೇರೆ ಬೇರೆ ಹಿಡಿಯಬಹುದು.

ಕದ್ರಿಗುಡ್ಡೆ

ಭೂತದವರೇ, ಅಕ್ಕನ ಹತ್ತಿರ ಇರುವುದು ಒಂದು ಟೇಪ್ ರೆಕಾರ್ಡರ್. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಯಾಕೆ ಮಾರಾಯ್ರೆ. ಆರ್ಡರ್ ಒಳ್ಳೆಯದೇ, ನಾನು ಭಜನೆ ಮಂಡಳಿಯ ರೆಕಾರ್ಡಿಂಗಿಗೆ ಅದನ್ನೇ ಬಳಸುವುದು. ಆದರೆ ಒಂದು ಉದ್ದದ ಶಬ್ದವನ್ನು ಹಿಡಿದು, ತುಂಡು ಮಾಡಿ, ಹೆಸರಿಟ್ಟು ಉಳಿಸುವ ಕೆಲಸಕ್ಕೆ ಆಡಾಸಿಟಿಯೇ ಸಲೀಸು.

ಲಿನಕ್ಸ್_ಭೂತ

ಅದು ಸರಿ. ಲಿನಕ್ಸ್ ಹಾಕಿ ಅನ್ನುವುದನ್ನು ಮಾತ್ರ ಹಿಂದೆ ತೆಗೆದುಕೊಳ್ಳುವುದಿಲ್ಲ.

ಚೆಂಡೆಪೆಟ್ಟು

ಅಕ್ಕ, ಸಾಫ್ಟ್‌ವೇರ್ ವಿಷಯ ಆಯಿತು, ಆಡಾಸಿಟಿಯೇ ಸಾಕು. ನಿಮ್ಮ ಕಷ್ಟ ಇರುವುದು ಅದಕ್ಕಿಂತ ಮೊದಲಿನ ಎರಡು ಅಡಿ ವಯರಿನಲ್ಲಿ. ನಾನು ನಮ್ಮ ಮನೆಯ 100ಕ್ಕಿಂತ ಜಾಸ್ತಿ ಕ್ಯಾಸೆಟ್ ಹೀಗೆ ಏರಿಸಿದ್ದೇನೆ. ಕೆಟ್ಟು ಕಲಿತದ್ದನ್ನು ಹೇಳುತ್ತೇನೆ, ಉದ್ದ ಆದರೆ ಬೈಯಬೇಡಿ.

ಮೊದಲು ಟೇಪ್ ರೆಕಾರ್ಡರಿನ ಹೆಡ್ ನೋಡಿ, ಟೇಪಿಗೆ ತಾಗಿ ಶಬ್ದ ಓದುವ ಭಾಗ ಅದು. ಕಂದು ಬಣ್ಣದ ಪುಡಿ ಅಂಟಿರುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿ ಹೆಡ್ಡನ್ನು ಒರೆಸಿ. ಪಕ್ಕದಲ್ಲಿ ಟೇಪ್ ಎಳೆಯುವ ಸಣ್ಣ ಕಂಬಿ ಇರುತ್ತದೆ, ಅದನ್ನೂ ಒರೆಸಿ. ಕಡ್ಡಿ ಬಿಳಿಯಾಗಿಯೇ ಹೊರಬರುವವರೆಗೆ. ಅಷ್ಟಕ್ಕೇ ಅರ್ಧ ಮಂಕು ಹೋಗುತ್ತದೆ. ಆಮೇಲೆ ಕ್ಯಾಸೆಟ್ಟನ್ನು ಒಂದು ಸಲ ಪೂರ್ತಿ ಮುಂದೆ ಓಡಿಸಿ, ಪೂರ್ತಿ ಹಿಂದೆ ತನ್ನಿ. ವರ್ಷಗಟ್ಟಲೆ ಮಲಗಿದ ಟೇಪಿನ ಸುತ್ತು ಸಡಿಲಾಗುತ್ತದೆ. ಬೂಸ್ಟು ಹಿಡಿದದ್ದನ್ನು ಈಗಲೇ ಹಾಕಬೇಡಿ. ಆ ಬೂಸ್ಟು ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಅವನ್ನು ಬೇರೆ ಡಬ್ಬಿಯಲ್ಲಿಡಿ.

ನೀರ್‌ದೋಸೆಯವರು ಹೇಳಿದ ಹಾಗೆ ಮೊಬೈಲ್ ಎದುರು ಇಟ್ಟರೆ ತಾಳಮದ್ದಳೆಯ ಜೊತೆ ನಿಮ್ಮ ಮನೆಯ ಕುಕ್ಕರೂ ಅರ್ಥ ಹೇಳುತ್ತದೆ. ಬೇಡ. ಟೇಪಿನ ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿಗೆ ವಯರ್ ಎಳೆಯಿರಿ. ಇಲ್ಲೊಂದು ಎಡವಟ್ಟು ಉಂಟು. ಈಗಿನ ಲ್ಯಾಪ್‌ಟಾಪಿನಲ್ಲಿ ಇರುವುದು ಮೈಕ್ ತೂತು. ಅದು ಮೈಕಿನ ಸಣ್ಣ ಶಬ್ದಕ್ಕೆ ಮಾಡಿದ್ದು, ಟೇಪಿನಿಂದ ಬರುವ ಜೋರು ಶಬ್ದಕ್ಕೆ ಅಲ್ಲ. ಅಂಗಡಿಯವರು ಮಾಡಿದ್ದು ಇದೇ ಇರಬೇಕು, ಅದಕ್ಕೇ ಚೆಂಡೆ ಒಡೆದದ್ದು. ಲೈನ್ ಇನ್, ಅಂದರೆ ಜೋರು ಶಬ್ದಕ್ಕೇ ಮಾಡಿದ ತೂತು, ಇರುವ ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡ್ ಸಿಕ್ಕಿದರೆ ಒಳ್ಳೆಯದು. ಇಲ್ಲದಿದ್ದರೆ ಟೇಪಿನ ವಾಲ್ಯೂಮ್ ತುಂಬ ಕೆಳಗೆ ಇಟ್ಟು ಶುರು ಮಾಡಿ.

ಇನ್ನು ಮುಖ್ಯ ವಿಷಯ. ಲೆವೆಲ್ಲನ್ನು ಕ್ಯಾಸೆಟ್ಟಿನ ಶುರುವಿನಲ್ಲಿ ನೋಡಿ ಇಡಬೇಡಿ! ಅಲ್ಲಿ ಪೀಠಿಕೆ ನಡೆಯುತ್ತಿರುತ್ತದೆ, ಒಬ್ಬರೇ ಮೆಲ್ಲಗೆ ಮಾತಾಡುತ್ತಿರುತ್ತಾರೆ. ಶಬ್ದ ಸಾಲದು ಅಂತ ನೀವು ಏರಿಸುತ್ತೀರಿ. ಅರ್ಧ ಗಂಟೆ ಬಿಟ್ಟು ಹಾಡುವ ಭಾಗವತರು ಏರು ಪದ ಎತ್ತುತ್ತಾರೆ, ಚೆಂಡೆ ಬೀಳುತ್ತದೆ, ಎಲ್ಲ ಕೆಂಪು. ಮೊದಲೇ ಟೇಪ್ ಓಡಿಸಿ ಚೆಂಡೆ ಜೋರಾಗಿ ಇರುವ ಜಾಗ ಹುಡುಕಿ. ಅಲ್ಲಿ ಆಡಾಸಿಟಿಯ ಮೀಟರ್ ಮೈನಸ್ 6 ಡಿಬಿ ಹತ್ತಿರ ಮುಟ್ಟುವ ಹಾಗೆ ಇಡಿ. ಆಮೇಲೆ ಕೈ ಹಾಕಬೇಡಿ. ಮಾತು ಸಣ್ಣದಾಗಿ ಕೇಳಿದರೆ ನಂತರ ಏರಿಸಬಹುದು. ಒಡೆದದ್ದನ್ನು ಕೂಡಿಸಲು ಬರುವುದಿಲ್ಲ.

ವಿಂಡೋಸ್ ಸೆಟ್ಟಿಂಗಿನಲ್ಲಿ ಆಡಿಯೋ ಎನ್‌ಹಾನ್ಸ್‌ಮೆಂಟ್ ಅಂತ ಇರುತ್ತದೆ. ಅದನ್ನು ಆಫ್ ಮಾಡಿ. ಫೋನಿನ ಮಾತಿಗೆ ಅಂತ ಮಾಡಿದ್ದು ಅದು. ಮದ್ದಳೆಯನ್ನು ಗಲಾಟೆ ಅಂದುಕೊಂಡು ಅಳಿಸುತ್ತದೆ.

ಒಂದು ಮಗ್ಗುಲು ಆಗಲು ಒಂದು ಮಗ್ಗುಲಿನಷ್ಟೇ ಹೊತ್ತು ಬೇಕು. 90ರ ಕ್ಯಾಸೆಟ್ಟಾದರೆ 45 ನಿಮಿಷ. ಇದಕ್ಕೆ ಅಡ್ಡದಾರಿ ಇಲ್ಲ. ದಿನಕ್ಕೊಂದು ಕ್ಯಾಸೆಟ್ ಅಂತ ಇಟ್ಟುಕೊಳ್ಳಿ.

ಅಂಬಲಪಾಡಿ_ಅಕ್ಕ

ಅಣ್ಣ, ಕೈ ಮುಗಿದೆ. ನಾನು ಮಾಡಲಿಕ್ಕಿದ್ದದ್ದು ಸರಿಯಾಗಿ ಅದನ್ನೇ, ಶುರುವಿನಲ್ಲಿ ಲೆವೆಲ್ ಇಡುವುದು. ಅಂಗಡಿಯವರ ಫೈಲಿನ ಎಡಗಿವಿ ಕತೆ ಏನು?

ಕದ್ರಿಗುಡ್ಡೆ

ಅದು ಸುಲಭ. ಅಪ್ಪನ ಟೇಪ್ ಮೋನೋ ಇರಬೇಕು, ಅಂದರೆ ಎಡ ಬಲ ಅಂತ ಬೇರೆ ಇಲ್ಲದ ಒಂದೇ ಶಬ್ದ. ಅದನ್ನು ಸ್ಟೀರಿಯೋ ತೂತಿಗೆ ಸಿಕ್ಕಿಸಿದರೆ ಒಂದೇ ಕಡೆ ಬರುತ್ತದೆ. ಫೈಲನ್ನು ಆಡಾಸಿಟಿಯಲ್ಲಿ ತೆರೆಯಿರಿ. ಮೇಲೊಂದು ಕೆಳಗೊಂದು ಎರಡು ಅಲೆ ಕಾಣುತ್ತದೆ. ಕೆಳಗಿನದು ಬರೀ ಗೆರೆ ಇದ್ದರೆ ನಾನು ಹೇಳಿದ್ದು ಸರಿ. ಟ್ರ್ಯಾಕಿನ ಹೆಸರಿನ ಪಕ್ಕ ಒತ್ತಿದರೆ ಪಟ್ಟಿ ಬರುತ್ತದೆ. ಅದರಲ್ಲಿ ಸ್ಪ್ಲಿಟ್ ಸ್ಟೀರಿಯೋ ಟು ಮೋನೋ. ಖಾಲಿ ಇರುವುದನ್ನು ಅಳಿಸಿ. ಉಳಿದದ್ದು ಎರಡೂ ಕಿವಿಗೆ ಕೇಳುತ್ತದೆ.

ಅಂಬಲಪಾಡಿ_ಅಕ್ಕ

ಹೌದು! ಕೆಳಗೆ ಬರೀ ಗೆರೆ. ಐದು ನಿಮಿಷದಲ್ಲಿ ಸರಿ ಆಯಿತು. ಇಷ್ಟಕ್ಕೆ ನಾನು ಆರು ತಿಂಗಳು ಒಂದೇ ಕಿವಿಯಲ್ಲಿ ಕೇಳಿದ್ದೆ. ಚೆಂಡೆ ಒಡೆದದ್ದು ಮಾತ್ರ ಹಾಗೇ ಉಂಟು.

ಕದ್ರಿಗುಡ್ಡೆ

ಅಲೆಯ ತಲೆ ಕತ್ತಿಯಲ್ಲಿ ಕಡಿದ ಹಾಗೆ ಚಪ್ಪಟೆ ಇದೆಯಲ್ಲ, ಅಲ್ಲಿದ್ದ ಶಬ್ದ ಹೋಯಿತು ಅಂತಲೇ ಲೆಕ್ಕ. ಕ್ಲಿಪ್ ಫಿಕ್ಸ್ ಅಂತ ಒಂದು ಉಂಟು, ಊಹೆಯಲ್ಲಿ ತೇಪೆ ಹಾಕುತ್ತದೆ. ಸ್ವಲ್ಪ ಒಡೆದದ್ದಾದರೆ ಪರವಾಗಿಲ್ಲ. ನಿಮ್ಮ ಹತ್ತಿರ ಮೂಲ ಕ್ಯಾಸೆಟ್ ಇರುವಾಗ ಅದಕ್ಕೆ ಯಾಕೆ ತಲೆಕೆಡಿಸಿಕೊಳ್ಳುವುದು, ಆ ಎರಡನ್ನು ಹೊಸದಾಗಿ ಏರಿಸಿ.

ಮಣಿಪಾಲ_ಹಾಸ್ಟೆಲ್

ಟೇಪಿನ ಸೊಂಯ್ ಶಬ್ದ ತೆಗೆಯುವುದು ಯಾರೂ ಹೇಳಲಿಲ್ಲ. ಅಕ್ಕ, ಯಾರೂ ಮಾತಾಡದ ಎರಡು ಸೆಕೆಂಡ್ ಆರಿಸಿ. ನಾಯ್ಸ್ ರಿಡಕ್ಷನ್‌ನಲ್ಲಿ ಗೆಟ್ ನಾಯ್ಸ್ ಪ್ರೊಫೈಲ್ ಒತ್ತಿ. ಆಮೇಲೆ ಇಡೀ ಟ್ರ್ಯಾಕ್ ಆರಿಸಿ ಓಕೆ. ಮ್ಯಾಜಿಕ್! ನಾನು 24 ಡಿಬಿ ಇಡುತ್ತೇನೆ. ಇಂಟೆಲ್‌ನವರ ಓಪನ್‌ವಿನೋ ಪ್ಲಗಿನ್ ಕೂಡ ಫ್ರೀ, ಎಐ ಇಂದ ಇನ್ನೂ ನೀಟಾಗಿ ತೆಗೆಯುತ್ತದೆ. ಸ್ಟುಡಿಯೋದಲ್ಲಿ ಮಾಡಿದ ಹಾಗೆ ಕೇಳುತ್ತದೆ.

ಚೆಂಡೆಪೆಟ್ಟು

ತಮ್ಮ, ಅದನ್ನು ನಾನೂ ಮಾಡಿದ್ದೆ. ಅದರ ಕತೆ ಕೇಳು.

ಮೊದಲ ಹತ್ತು ಕ್ಯಾಸೆಟ್ಟಿಗೆ ನಿನ್ನ ಹಾಗೆ ಜೋರಾಗಿ ನಾಯ್ಸ್ ರಿಡಕ್ಷನ್ ಹಾಕಿದೆ. ಸೊಂಯ್ ಹೋಯಿತು, ಖುಷಿಯಾಯಿತು. ಒಂದು ದಿನ ಹೆಡ್‌ಫೋನ್ ಹಾಕಿ ಕೂತೆ. ಭಾಗವತರು ಪದ ನಿಲ್ಲಿಸುತ್ತಾರೆ, ಚಕ್ರತಾಳದ ಕೊನೆಯ ಪೆಟ್ಟು ಬೀಳುತ್ತದೆ. ಆ ಪೆಟ್ಟಿನ ನಾದ ಸಣ್ಣಗಾಗುತ್ತಾ ಹೋಗಬೇಕಲ್ವಾ, ಅಷ್ಟರಲ್ಲಿ ಪಾತ್ರದ ಮಾತು ಆಡುವ ಅರ್ಥಧಾರಿ ಮಾತು ಎತ್ತಬೇಕು. ನನ್ನ ಫೈಲಿನಲ್ಲಿ ತಾಳದ ನಾದ ಅರ್ಧದಲ್ಲಿ ನೀರೊಳಗೆ ಮುಳುಗಿದ ಹಾಗೆ ಗುಳುಗುಳು ಅಂತ ಸತ್ತಿತ್ತು. ಆ ನಾದದ ಬಾಲವೂ ಟೇಪಿನ ಸೊಂಯ್ಯೂ ಹೆಚ್ಚುಕಡಿಮೆ ಒಂದೇ ಎತ್ತರದ ಶಬ್ದ. ಸಾಫ್ಟ್‌ವೇರಿಗೆ ಎರಡರ ವ್ಯತ್ಯಾಸ ಗೊತ್ತಾಗುವುದು ಹೇಗೆ? ಮೆಲ್ಲಗೆ ಇದ್ದದ್ದೆಲ್ಲ ಗಲಾಟೆ ಅಂತ ತೆಗೆಯಿತು. ಸಭೆಯ ಹಿಂದೆ ಯಾರೋ ಹೌದೌದು ಅಂದದ್ದೂ ಹೋಗಿತ್ತು.

ಅದಕ್ಕಿಂತ ದೊಡ್ಡ ತಪ್ಪು, ಮೂಲದ ಫೈಲ್ ಅಳಿಸಿದ್ದೆ. ಹತ್ತನ್ನೂ ಪುನಃ ಏರಿಸಿದೆ. ಅದರಲ್ಲಿ ಒಂದರ ಟೇಪ್ ಆ ಸಲ ಸಿಕ್ಕಿಬಿದ್ದು ತುಂಡಾಯಿತು.

ಹಾಗಾಗಿ ಅಕ್ಕ, ಏರಿಸಿದ್ದನ್ನು ಮೊದಲು ಹಾಗೇ ಉಳಿಸಿ. ಅದನ್ನು ಮುಟ್ಟಬೇಡಿ. ನಕಲು ತೆಗೆದು ಅದರಲ್ಲಿ ಆಟ ಆಡಿ. ನಾಯ್ಸ್ ರಿಡಕ್ಷನ್‌ನಲ್ಲಿ ತಮ್ಮನ ಹಾಗೆ 24 ಡಿಬಿ ಬೇಡ. ನಾನು 6 ಇಡುತ್ತೇನೆ. ಸೊಂಯ್ ಸ್ವಲ್ಪ ಉಳಿಯುತ್ತದೆ. ಉಳಿಯಲಿ.

ಮಣಿಪಾಲ_ಹಾಸ್ಟೆಲ್

ಅಣ್ಣ, ಈಗಷ್ಟೇ ನನ್ನ ಅಜ್ಜನ ಒಂದು ಫೈಲ್ ಹೆಡ್‌ಫೋನ್‌ನಲ್ಲಿ ಕೇಳಿದೆ. ನೀವು ಹೇಳಿದ ಗುಳುಗುಳು ಉಂಟು. ಇಷ್ಟು ದಿನ ಟೇಪೇ ಹಾಗೆ ಅಂದುಕೊಂಡಿದ್ದೆ. ಮೂಲ ಇಟ್ಟಿದ್ದೇನೆ, ಪುಣ್ಯ. ಮಾತು ಮಾತ್ರ ಇರುವ ಕಡೆ ಎಐ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಅದನ್ನು ಮಾತ್ರ ಒಪ್ಪಿಕೊಳ್ಳಬೇಕು.

ಚೆಂಡೆಪೆಟ್ಟು

ಒಪ್ಪಿದೆ.

ಅಂಬಲಪಾಡಿ_ಅಕ್ಕ

ಒಂದು ವಾರದ ನಂತರ ಬಂದೆ. ಆರು ಕ್ಯಾಸೆಟ್ ಆಯಿತು. ಎರಡು ಪ್ರಶ್ನೆ.

ಒಂದು, ಹಿಂದೆ ಗುಂಯ್ ಅಂತ ಒಂದೇ ಸಮನೆ ಶಬ್ದ. ಟೇಪಿನದ್ದಲ್ಲ, ಟೇಪ್ ನಿಲ್ಲಿಸಿದರೂ ಬರುತ್ತದೆ.

ಎರಡು, ಇದು ವಿಚಿತ್ರ. ಒಂದು ಕ್ಯಾಸೆಟ್ಟಿನಲ್ಲಿ ಭಾಗವತರ ಸ್ವರ ಹೋಗುತ್ತಾ ಹೋಗುತ್ತಾ ಏರುತ್ತದೆ. ಕೊನೆಗೆ ಹೆಂಗಸರ ಸ್ವರದ ಹಾಗೆ ಕೇಳುತ್ತದೆ. ಮಾತೂ ಓಡುತ್ತದೆ. ನಾನು ಏನೋ ಒತ್ತಿದೆನಾ?

ಕದ್ರಿಗುಡ್ಡೆ

ಗುಂಯ್‌ಗೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡಿ. ನಮ್ಮ ಕರೆಂಟು 50 ಹರ್ಟ್ಸ್, ಅದೇ ಒಳಗೆ ನುಗ್ಗುತ್ತದೆ. ಬ್ಯಾಟರಿಯಲ್ಲಿ ನಡೆಸಿದರೆ ಹೆಚ್ಚಾಗಿ ಹೋಗುತ್ತದೆ. ಈಗಾಗಲೇ ಬಂದದ್ದಕ್ಕೆ ಆ ಒಂದು ಎತ್ತರದ ಶಬ್ದವನ್ನು ಮಾತ್ರ ತೆಗೆಯುವ ನಾಚ್ ಫಿಲ್ಟರ್ ಹಾಕಿ, 50ಕ್ಕೆ ಒಂದು ಸಲ, 100ಕ್ಕೆ ಒಂದು ಸಲ.

ಚೆಂಡೆಪೆಟ್ಟು

ಎರಡನೆಯದು ನೀವು ಒತ್ತಿದ್ದಲ್ಲ ಅಕ್ಕ. ಅಪ್ಪ ಆ ದಿನ ಬ್ಯಾಟರಿ ಸೆಲ್ಲಿನಲ್ಲಿ ರೆಕಾರ್ಡ್ ಮಾಡಿದ್ದಾರೆ, ಮಧ್ಯರಾತ್ರಿ ಹೊತ್ತಿಗೆ ಸೆಲ್ ಕುಂದಿದೆ. ಮೋಟಾರು ನಿಧಾನ ಆಯಿತು, ಟೇಪ್ ನಿಧಾನ ಓಡುತ್ತಾ ಶಬ್ದ ಹಿಡಿಯಿತು. ಈಗ ನೀವು ಸರಿಯಾದ ವೇಗದಲ್ಲಿ ಓಡಿಸುತ್ತೀರಿ. ನಿಧಾನದಲ್ಲಿ ಹಿಡಿದದ್ದು ಬೇಗ ಓಡಿದರೆ ಶ್ರುತಿ ಏರುತ್ತದೆ. ಟೇಪಿನ ಕಾಲದ ಕೂಟಗಳಲ್ಲಿ ಇದು ಜಾಸ್ತಿ ಸಿಗುತ್ತದೆ.

ಸರಿ ಮಾಡಬಹುದು. ಆಡಾಸಿಟಿಯಲ್ಲಿ ಟೈಮ್ ಟ್ರ್ಯಾಕ್ ಅಂತ ಸೇರಿಸಲು ಬರುತ್ತದೆ. ಒಂದು ಗೆರೆ ಕಾಣುತ್ತದೆ, ಅದನ್ನು ಅಲ್ಲಲ್ಲಿ ಹಿಡಿದು ಕೆಳಗೆ ಎಳೆದರೆ ಅಲ್ಲಿ ವೇಗವೂ ಶ್ರುತಿಯೂ ಇಳಿಯುತ್ತದೆ. ಎಷ್ಟು ಇಳಿಸಬೇಕು ಅಂತ ಹಾರ್ಮೋನಿಯಂ ಇಟ್ಟು ನೋಡಿ, ಮೊಬೈಲಿನ ಪಿಯಾನೋ ಆದರೂ ಸಾಕು. ಕ್ಯಾಸೆಟ್ಟಿನ ಶುರುವಿನಲ್ಲಿ ಶ್ರುತಿ ಹಾರ್ಮೋನಿಯಂನ ಕಪ್ಪು 2ರ ಮನೆಯಲ್ಲಿ ಇದ್ದು, ಕೊನೆಗೆ ಪಕ್ಕದ ಬಿಳಿ 3ಕ್ಕೆ ಹೋಗಿದೆ ಅಂತ ಇಟ್ಟುಕೊಳ್ಳಿ. ಅಂದರೆ ಒಂದು ಮನೆ ಏರಿದೆ. ಒಂದು ಮನೆಗೆ ವೇಗ ಸುಮಾರು ಶೇಕಡಾ 6 ಜಾಸ್ತಿ. ಅಷ್ಟು ಇಳಿಸಿ. ನಡುವೆ ನಾಲ್ಕೈದು ಕಡೆ ಹೀಗೆ ನೋಡಿಕೊಂಡು ಗೆರೆ ಇಳಿಜಾರು ಮಾಡಿದರೆ ಆಯಿತು. ಒಂದು ಸಂಜೆ ಹಿಡಿಯುತ್ತದೆ. ಮಜಾ ಇರುವ ಕೆಲಸ.

ನೀರ್‌ದೋಸೆ

ಸೆಲ್ಲು ಕುಂದಿದ್ದನ್ನು 30 ವರ್ಷ ಬಿಟ್ಟು ಸರಿ ಮಾಡಬಹುದು ಅಂದರೆ! ನಾನು ಮೊಬೈಲ್ ಎದುರಿಟ್ಟು ಮಾಡಿದ್ದನ್ನು ಈಗ ಮತ್ತೆ ಮಾಡಬೇಕು ಅನಿಸುತ್ತದೆ.

ಕಾಪು_ದೀಪಸ್ತಂಭ

ಮಧ್ಯೆ ಬಾಯಿ ಹಾಕುತ್ತೇನೆ, ಫೈಲ್ ಉಳಿಸುವ ಬಗ್ಗೆ. ಹಳೆಯ ಆಡಾಸಿಟಿಯಲ್ಲಿ ಸೇವ್ ಮಾಡಿದರೆ ಒಂದು ಚಿಕ್ಕ ಫೈಲ್, ಜೊತೆಗೆ ಡೇಟಾ ಅಂತ ಒಂದು ಫೋಲ್ಡರ್ ಆಗುತ್ತಿತ್ತು. ನಾನು ಚಿಕ್ಕ ಫೈಲನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದೆ. ತಂಗಿಯ ಮದುವೆಯ ನಾದಸ್ವರ ಎಲ್ಲ ಹೋಯಿತು. ಆ ಫೈಲಿನಲ್ಲಿ ಶಬ್ದವೇ ಇರಲಿಲ್ಲ, ಶಬ್ದ ಎಲ್ಲಿದೆ ಅನ್ನುವ ವಿಳಾಸ ಮಾತ್ರ ಇತ್ತು. 2021ರಲ್ಲಿ ಬಂದ 3.0 ಆವೃತ್ತಿಯಿಂದ ಎಲ್ಲ ಒಂದೇ ಎಯುಪಿ3 ಫೈಲಿನೊಳಗೆ ಇರುತ್ತದೆ. ಆದರೂ ಅದನ್ನು ನಂಬಿ ಕೂರಬೇಡಿ. ಶಬ್ದ ಕಳೆಯದೆ ಉಳಿಸುವ ವೇವ್ ಅಥವಾ ಫ್ಲ್ಯಾಕ್ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಎಂಪಿ3 ಮನೆಯವರಿಗೆ ವಾಟ್ಸಾಪಿನಲ್ಲಿ ಕಳಿಸಲು ಮಾತ್ರ.

ಲಿನಕ್ಸ್_ಭೂತ

ಜಾಗದ ಲೆಕ್ಕ ನಾನು ಹೇಳುತ್ತೇನೆ. ಮೋನೋ, 44.1 ಕಿಲೋಹರ್ಟ್ಸ್, 16 ಬಿಟ್ ಅಂದರೆ ನಿಮಿಷಕ್ಕೆ 5 ಎಂಬಿ ಚಿಲ್ಲರೆ. 90ರ ಕ್ಯಾಸೆಟ್ಟಿಗೆ ಸುಮಾರು 475 ಎಂಬಿ. 43 ಕ್ಯಾಸೆಟ್ಟಿಗೆ 20 ಜಿಬಿ ಹತ್ತಿರ. ಫ್ಲ್ಯಾಕ್ ಮಾಡಿದರೆ ಅದಕ್ಕಿಂತ ಎಷ್ಟೋ ಕಡಿಮೆ, ಶಬ್ದ ಒಂದು ಚೂರೂ ಕಳೆದುಹೋಗುವುದಿಲ್ಲ. ಎರಡು ಬೇರೆ ಡಿಸ್ಕಿನಲ್ಲಿ ಇಡಿ, ಒಂದು ಬೇರೆ ಮನೆಯಲ್ಲಿ. ಫೈಲಿನ ಹೆಸರಿನಲ್ಲಿ ಪ್ರಸಂಗ, ಊರು, ವರ್ಷ ಬರೆಯಿರಿ. ಟ್ರ್ಯಾಕ್ 01 ಅಂತ 43 ಇದ್ದರೆ ಮೊಮ್ಮಕ್ಕಳು ಅಳಿಸುತ್ತಾರೆ.

ಕದ್ರಿಗುಡ್ಡೆ

ಯೂಟ್ಯೂಬಿಗೆ ಹಾಕುವ ಯೋಚನೆ ಇದ್ದರೆ ಕಲಾವಿದರನ್ನು ಅಥವಾ ಅವರ ಮನೆಯವರನ್ನು ಕೇಳಿ. ಟೇಪ್ ಅಪ್ಪನದ್ದಾದರೂ ಪ್ರದರ್ಶನದ ಹಕ್ಕು ಕಲಾವಿದರದ್ದು. ನಮ್ಮ ಕಾನೂನಿನಲ್ಲಿ ಅದು 50 ವರ್ಷ ಇರುತ್ತದೆ.

ಅಂಬಲಪಾಡಿ_ಅಕ್ಕ

ಯೂಟ್ಯೂಬ್ ಎಲ್ಲ ಬೇಡ, ಮನೆಗೆ ಸಾಕು. ಚಾರ್ಜರ್ ತೆಗೆದೆ, ಗುಂಯ್ ಮಾಯ.

ಈಗ ಅಮ್ಮನ ವಿಷಯ. ಲ್ಯಾಪ್‌ಟಾಪಿನ ಮೈಕಿನಲ್ಲಿ ಹಿಡಿದೆ. ಫ್ಯಾನು, ಕಾಗೆ, ಪಕ್ಕದ ಮನೆಯ ಮಿಕ್ಸಿ, ಮೇಲೆ ಶೀಟಿನ ಮೇಲೆ ಮಳೆ. ಎಲ್ಲಕ್ಕಿಂತ ಹಿಂದೆ ಅಮ್ಮ. ಅಮ್ಮನಿಗೂ ಲ್ಯಾಪ್‌ಟಾಪ್ ಎದುರು ಕೂತರೆ ಸ್ವರ ಹೊರಡುವುದಿಲ್ಲ. ಸಾಕು, ನಾಳೆ ನೋಡುವ ಅನ್ನುತ್ತಾರೆ.

ಮಣಿಪಾಲ_ಹಾಸ್ಟೆಲ್

ಇದು ನನಗೆ ಗೊತ್ತುಂಟು, ಹಾಸ್ಟೆಲಿನಲ್ಲಿ ಪಾಡ್‌ಕಾಸ್ಟ್ ಮಾಡಿದವನು ನಾನು. ಲ್ಯಾಪ್‌ಟಾಪಿನ ಮೈಕ್ ಬಿಡಿ, ಅದರ ಫ್ಯಾನೇ ಅದರ ಶತ್ರು. ಮೊಬೈಲ್ ಬಳಸಿ. ಇಲ್ಲಿ ನೀರ್‌ದೋಸೆಯವರು ಗೆದ್ದರು. ಅಮ್ಮನ ಬಾಯಿಯಿಂದ ಒಂದು ಗೇಣು ದೂರ, ನೇರ ಎದುರು ಬೇಡ, ಸ್ವಲ್ಪ ಬದಿಗೆ. ದೂರ ಎರಡು ಪಟ್ಟಾದರೆ ಸ್ವರ 6 ಡಿಬಿ ಕುಗ್ಗುತ್ತದೆ, ಮಳೆ ಮಾತ್ರ ಅಷ್ಟೇ ಇರುತ್ತದೆ. ಹತ್ತಿರ ಇಡುವುದೇ ಒಳ್ಳೆಯ ಫಿಲ್ಟರ್. ಬಟ್ಟೆಯ ಕಪಾಟು ಇರುವ ಕೋಣೆ ಆರಿಸಿ, ಬಾಗಿಲು ತೆರೆದಿಡಿ, ಸೀರೆಗಳು ಗೋಡೆಯ ಪ್ರತಿಧ್ವನಿಯನ್ನು ನುಂಗುತ್ತವೆ. ಫೋನಿನ ಎಂ4ಎ ಫೈಲ್ ಆಡಾಸಿಟಿಯಲ್ಲಿ ತೆರೆಯದಿದ್ದರೆ ಎಫ್‌ಎಫ್‌ಎಂಪೆಗ್ ಅನ್ನುವುದನ್ನು ಬೇರೆ ಹಾಕಬೇಕು, ಅದೂ ಫ್ರೀ. ಆಮೇಲೆ ಹೈಪಾಸ್ ಫಿಲ್ಟರ್ 80 ಹರ್ಟ್ಸ್‌ಗೆ, ಅದಕ್ಕಿಂತ ಕೆಳಗಿನ ಶಬ್ದ ತೆಗೆಯಲು. ನಾಯ್ಸ್ ರಿಡಕ್ಷನ್ 6. ಕಲಿತೆ, ನೋಡಿ.

ಕಾಪು_ದೀಪಸ್ತಂಭ

ಶೀಟಿನ ಮಳೆಗೆ ಯಾವ ಸಾಫ್ಟ್‌ವೇರೂ ಇಲ್ಲ. ಒಂದೇ ಸಮನೆ ಇರುವ ಫ್ಯಾನಿನ ಶಬ್ದ ತೆಗೆಯಬಹುದು, ಮಳೆ ಕ್ಷಣಕ್ಕೊಂದು ತರ. ಮಳೆಯ ಆಟಿ ತಿಂಗಳು ಕಳೆಯಲಿ. ಇಲ್ಲದಿದ್ದರೆ ಬೆಳಗಿನ ಜಾವ ಮಳೆ ಬಿಟ್ಟ ಹೊತ್ತು ನೋಡಿ, ಕಾಗೆ ಏಳುವ ಮೊದಲು.

ಅಂಬಲಪಾಡಿ_ಅಕ್ಕ

ಆಯಿತು! ನಿನ್ನೆ ಮಧ್ಯಾಹ್ನ ಮಳೆ ಬಿಟ್ಟಿತ್ತು. ಅಮ್ಮ ಅಡಿಗೆಮನೆಯಲ್ಲಿ ಮಣೆ ಹಾಕಿ ಕೂತು ಬಸಳೆ ಹೆಚ್ಚುತ್ತಿದ್ದರು. ಮೊಬೈಲಿನಲ್ಲಿ ರೆಕಾರ್ಡಿಂಗ್ ಶುರು ಮಾಡಿ ಬೆಲ್ಲದ ಡಬ್ಬಿಗೆ ಒರಗಿಸಿ ಇಟ್ಟೆ. ರೆಕಾರ್ಡ್ ಆಗುತ್ತಿದೆ ಅಂತ ಹೇಳಿಯೇ ಇಟ್ಟದ್ದು. ಹತ್ತು ನಿಮಿಷಕ್ಕೆ ಅವರಿಗೆ ಮರೆತುಹೋಯಿತು. ಒಂದರ ಹಿಂದೆ ಒಂದು ನಾಲ್ಕು ಹಾಡು. ನಡುವೆ ಮೆಟ್ಟುಕತ್ತಿಯ ಶಬ್ದ ಕರ್ ಕರ್ ಅಂತ ಬರುತ್ತದೆ. ಮೂರನೆಯ ಹಾಡಿನಲ್ಲಿ ಒಂದು ಸಾಲು ಮರೆತು, ಅಲ್ಲ ಅಲ್ಲ ಅಂತ ಹಿಂದೆ ಹೋಗಿ ಪುನಃ ಹಾಡಿದ್ದಾರೆ. ಅದನ್ನು ಕತ್ತರಿಸಲಾ?

ಚೆಂಡೆಪೆಟ್ಟು

ಮೂಲದಲ್ಲಿ ಬಿಡಿ. ನಕಲಿನಲ್ಲಿ ಬೇಕಾದರೆ ಕತ್ತರಿಸಿ. ಕತ್ತಿಯ ಶಬ್ದ ತೆಗೆಯಲು ಹೋಗಬೇಡಿ, ಹಾಡಿನ ತಾಳವೂ ಜೊತೆಗೆ ಹೋದೀತು.

ಅಂಬಲಪಾಡಿ_ಅಕ್ಕ

ಸರಿ. ಕ್ಯಾಸೆಟ್ 31 ಆಯಿತು. 32ನೆಯದು ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳುತ್ತದೆ. ಹೆಡ್ ಒರೆಸಿದೆ, ಪ್ರಯೋಜನ ಇಲ್ಲ. ಬೇರೆ ಕ್ಯಾಸೆಟ್ ಹಾಕಿದರೆ ಚೆನ್ನಾಗಿ ಕೇಳುತ್ತದೆ.

ಚೆಂಡೆಪೆಟ್ಟು

ಕ್ಯಾಸೆಟ್ಟಿನ ಬಾಯಿ ಕಡೆ ನಡುವೆ ನೋಡಿ. ಟೇಪಿನ ಹಿಂದೆ ತಗಡಿನ ಮೇಲೆ ಒಂದು ಚಿಕ್ಕ ಮೆತ್ತೆ ಅಂಟಿಸಿರುತ್ತಾರೆ, ಟೇಪನ್ನು ಹೆಡ್ಡಿಗೆ ಒತ್ತಲು. ಅದರ ಅಂಟು ಒಣಗಿ ಉದುರಿರಬೇಕು.

ಅಂಬಲಪಾಡಿ_ಅಕ್ಕ

ಹೌದು, ಮೆತ್ತೆ ಇಲ್ಲ. ಡಬ್ಬಿಯೊಳಗೆ ಬಿದ್ದಿದೆ.

ಚೆಂಡೆಪೆಟ್ಟು

ಕ್ಯಾಸೆಟ್ಟಿಗೆ ಸ್ಕ್ರೂ ಇದ್ದರೆ ಬಿಚ್ಚಿ, ಒಳಗಿನ ಎರಡು ಚಕ್ರವನ್ನು ಟೇಪ್ ಸಮೇತ ಬೇರೆ ಒಳ್ಳೆಯ ಡಬ್ಬಿಗೆ ಕೂರಿಸಬಹುದು. ಮೊದಲ ಸಲ ಒಬ್ಬರೇ ಮಾಡಬೇಡಿ, ಟೇಪ್ ಹಾರಿ ಬಂದರೆ ಕೋಣೆ ತುಂಬ ಸೇವಿಗೆ ಆಗುತ್ತದೆ. ನಾನು ಕಟಪಾಡಿಯಲ್ಲೇ ಇರುವುದು. ಭಾನುವಾರ 32ನೆಯದನ್ನೂ ಬೂಸ್ಟು ಹಿಡಿದವನ್ನೂ ತನ್ನಿ, ಮನೆಯಲ್ಲಿ ಖಾಲಿ ಡಬ್ಬಿ ಬೇಕಾದಷ್ಟು ಉಂಟು. ಸ್ಕೂಟರಿನ ಸೀಟಿನ ಕೆಳಗೆ ಹಾಕಿ ತರಬೇಡಿ, ಅಲ್ಲಿ ಬಿಸಿ ಜಾಸ್ತಿ. ಕೈಚೀಲದಲ್ಲಿ ಸಾಕು.

ಮಣಿಪಾಲ_ಹಾಸ್ಟೆಲ್

ಅಣ್ಣ, ನಾನೂ ಬರಬಹುದಾ? ಅಜ್ಜನದ್ದು ಎರಡು ಉಂಟು.

ಚೆಂಡೆಪೆಟ್ಟು

ಬಾ. ಹತ್ತಿಕಡ್ಡಿ ಒಂದು ಪ್ಯಾಕೆಟ್ ತಾ, ಮುಗಿದಿದೆ.